ಸೋಮವಾರದ ಬಾವಿ

ನನ್ನ ಸೊಂಟ ಕೈಕೊಟ್ಟ ಕಾಲದಲ್ಲಿ ಕೊಳ್ಳೇಗಾಲ ಇನ್ನೂ ಮದರಾಸಿನವರ ಕೈಯಲ್ಲಿತ್ತು. ಆಸ್ಪತ್ರೆಗೆ ಬರುತ್ತಿದ್ದ ಡಾಕ್ಟರೂ ಆ ಕಡೆಯವರೇ. ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಬೈಯುತ್ತಿದ್ದರು. ಎಣ್ಣೆ, ಶಾಖ, ಪಟ್ಟು ಎಲ್ಲ ಮುಗಿಸಿ ಸೋತು ಹೋದ ಮೇಲೆ ಅವರು ನನ್ನನ್ನು ಕೇಳಿದ್ದು ಒಂದೇ ಮಾತು, ಈಜು ಬರುತ್ತದೆಯೇ ಎಂದು.

ನಾನು ಬಾಯಿ ಬಿಡುವ ಮೊದಲೇ ನಮ್ಮ ಯಜಮಾನರು, "ಸತ್ತೇಗಾಲದ ಮೀನು ಸಾ ಇದು. ಮೀನು ತಿನ್ನದ ಮನೆಗೆ ಮೀನನ್ನೇ ತಂದ್ಕೊಂಡಿವ್ನಿ" ಅಂದರು. ರೇಷ್ಮೆ ಸೀರೆ ಅಂಗಡಿಯಲ್ಲಿ ಹೆಂಗಸರನ್ನು ನಗಿಸಿ ನಗಿಸಿ ಅವರಿಗೆ ಆ ಚಾಳಿ ಬಂದುಬಿಟ್ಟಿತ್ತು. ಡಾಕ್ಟರು ನಗಲಿಲ್ಲ. ನೀರಿಗಿಳಿಯದಿದ್ದರೆ ಈ ಸೊಂಟ ಇನ್ನು ಬಗ್ಗುವುದಿಲ್ಲ ಎಂದರು, ಅಷ್ಟೆ.

ನೀರೆಂದರೆ ನನಗೆ ಒಂದೇ ನೀರು, ಸತ್ತೇಗಾಲದಲ್ಲಿ ನಮ್ಮಪ್ಪನ ತೆಂಗಿನ ತೋಟದ ಕಪಿಲೆ ಬಾವಿ. ಹೊಳೆ ಹತ್ತಿರದಲ್ಲೇ ಇದ್ದರೂ ಅದರ ಸೆಳವಿಗೆ ಹೆಣ್ಣುಮಕ್ಕಳನ್ನು ಬಿಡುತ್ತಿರಲಿಲ್ಲ. ಬಾವಿಯಲ್ಲಾದರೂ ವಾರಕ್ಕೊಂದೇ ದಿನ. ಮಿಕ್ಕ ದಿನಗಳಲ್ಲಿ ಎತ್ತುಗಳು ಇಳಿಜಾರಿನಲ್ಲಿ ಹೋಗಿ ಬಂದು ತೊಗಲಿನ ಚೀಲದಲ್ಲಿ ನೀರೆತ್ತುತ್ತಿದ್ದವು, ಆಳುಕಾಳು ಓಡಾಡುತ್ತಿದ್ದರು. ಸೋಮವಾರ ಬಸವಣ್ಣನ ದಿನ. ನಮ್ಮವರು ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಗಂಡಸರು ತೋಟದ ಕಡೆ ಸುಳಿಯುವುದಿಲ್ಲ. ಹಾಗಾಗಿ ಸೋಮವಾರದ ಬಾವಿ ಹೆಣ್ಣುಮಕ್ಕಳದು.

ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ತೋಟ ತಮ್ಮನ ಕೈಯಲ್ಲಿತ್ತು. ಮುಂದಿನ ಸೋಮವಾರ ಬೆಳಗಿನ ಬಸ್ಸಿಗೆ ಹೋದೆ. ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ, ಕೊರಳಲ್ಲಿದ್ದ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ರಟ್ಟೆಗೆ ಬಿಗಿದುಕೊಂಡು, ಮೆಟ್ಟಿಲಿಳಿದೆ. ಮಂಡಿ, ಸೊಂಟ, ಎದೆ. ಆಮೇಲೆ ಕಾಲು ಬಿಟ್ಟೆ. ಮುಳುಗುತ್ತೇನೆ ಅಂದುಕೊಂಡಿದ್ದೆ, ಮುಳುಗಲಿಲ್ಲ. ಮನೆಯಲ್ಲಿ ಕೊಡ ಎತ್ತುವಾಗ ಅಯ್ಯೋ ಅನ್ನುತ್ತಿದ್ದ ಸೊಂಟ ನೀರಿನಲ್ಲಿ ಬಾಯಿ ಮುಚ್ಚಿಕೊಂಡಿತ್ತು. ನನಗೆ ನಗು ಬಂತು. ಆದರೆ ನೀರು ಕುಡಿದು ಕೆಮ್ಮಿ ತಲೆಯೆತ್ತಿದಾಗಲೆಲ್ಲ ಕಣ್ಣು ಎದುರು ಮೂಲೆಗೇ ಹೋಗುತ್ತಿತ್ತು. ಅದು ನಮ್ಮಕ್ಕನ ಮೂಲೆ, ಮುಳುಗಿದವಳು ತಲೆಯೆತ್ತುತ್ತಿದ್ದ ಜಾಗ. ಅವಳಿಲ್ಲದೆ ಆ ಬಾವಿಗೆ ಇಳಿದದ್ದು ಅದೇ ಮೊದಲು. ಡಾಕ್ಟರು ಹೇಳಿದ ಔಷಧ ನೀರು, ನಿಜ. ನನಗೆ ಬೇಕಾಗಿದ್ದುದು ಮಾತ್ರ ಆ ಮೂಲೆಯಲ್ಲಿ ಅಕ್ಕನ ತಲೆ.

ನನಗೆ ಈಜು ಕಲಿಸಿದವಳು ಅವಳೇ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ತಳ್ಳಿ, ನಾನು ಅರಚುವುದನ್ನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಅವಳದು ಬೇರೆಯೇ ಈಜು. ಕಪಿಲೆಯ ಕಲ್ಲಿನ ಮೇಲಿಂದ ಹಾರಿ, ತಳ ಮುಟ್ಟಿ, ಮುಷ್ಟಿಯಲ್ಲಿ ಕೆಸರು ಹಿಡಿದು ಮೇಲೆ ಬರುತ್ತಿದ್ದಳು. ಕೆಸರು ತೋರಿಸದಿದ್ದರೆ ಹಾರಿದ್ದು ಲೆಕ್ಕಕ್ಕಿಲ್ಲ ಅನ್ನುತ್ತಿದ್ದಳು.

ಹಾಗೆ ಹಾರಿದ ಒಂದು ಬೇಸಗೆಯ ಸೋಮವಾರ, ಅವಳ ರಟ್ಟೆಯ ಗಂಟು ಬಿಚ್ಚಿತು. ಕೆಸರು ಹಿಡಿದು ನಗುತ್ತಾ ಮೇಲೆ ಬಂದಳು, ರಟ್ಟೆ ಬರಿದಾಗಿತ್ತು. ಲಿಂಗ ಬಾವಿಯ ಪಾಲಾಗಿತ್ತು. ಹೊಸ ಲಿಂಗ ಕಟ್ಟಿಸಿದರಾಯಿತು ಎಂದು ಈಗಿನವರು ಹೇಳಬಹುದು. ನಮ್ಮಜ್ಜಿಯ ಮುಂದೆ ಆ ಮಾತೆತ್ತುವ ಗಂಡಸು ಹುಟ್ಟಿರಲಿಲ್ಲ. "ಲಿಂಗ ಸಿಕ್ಕೋ ಗಂಟ ಒಂದ್ ಹನಿ ನೀರೂ ಕೂಡುದು" ಅಂದು, ತಾನೂ ಬಾವಿಯ ಕಟ್ಟೆಯ ಮೇಲೆ ಉಪವಾಸ ಕೂತಳು. ಆ ಬಿಸಿಲಿನಲ್ಲಿ ಅಕ್ಕ ಒದ್ದೆ ಲಂಗದಲ್ಲೇ ಅಜ್ಜಿಯ ಪಕ್ಕ ನಡುಗುತ್ತಾ ಕೂತಳು.

ಅಪ್ಪ ಮುಳುಗಿ ಮುಳುಗಿ ಹುಡುಕಿದರು. ಕಣ್ಣು ಕೆಂಡವಾಯಿತೇ ಹೊರತು ಕಲಕಿದ ಕೆಸರಿನಲ್ಲಿ ಏನೂ ಕೈಗೆ ಹತ್ತಲಿಲ್ಲ. ನೀರು ಇಳಿಸಿ ತಡಕಬೇಕು, ಬೇರೆ ದಾರಿಯಿಲ್ಲ. ಕಪಿಲೆ ಕಟ್ಟೋಣವೆಂದರೆ ಸೋಮವಾರ, ಎತ್ತಿಗೆ ನೊಗವಿಲ್ಲ. ಮಂಗಳವಾರದವರೆಗೆ ಕಾಯೋಣವೆಂದರೆ ಮಗಳ ತುಟಿ ಒಣಗುತ್ತಿದೆ. ಅಪ್ಪ ಸ್ವಲ್ಪ ಹೊತ್ತು ಕೊಟ್ಟಿಗೆಯ ಕಡೆ ನೋಡಿದರು. ಆಮೇಲೆ ಟವೆಲನ್ನು ಮಡಿಸಿ ಹೆಗಲ ಮೇಲಿಟ್ಟುಕೊಂಡು ನೊಗಕ್ಕೆ ತಾವೇ ಹೆಗಲು ಕೊಟ್ಟರು. ಇನ್ನೊಂದು ಕಡೆಗೆ ಚಿಕ್ಕಪ್ಪ. ಚಿಕ್ಕಪ್ಪ ಸೋತಾಗ ನೆರೆಯ ತೋಟದವರು ಆ ಕಡೆಗೆ ಹೆಗಲು ಕೊಟ್ಟರು, ಅಪ್ಪ ಮಾತ್ರ ನೊಗ ಬಿಡಲಿಲ್ಲ. ಇಳಿಜಾರಿನಲ್ಲಿ ಇಳಿದು, ಹಿಂದಕ್ಕೆ ಹತ್ತಿ, ಮತ್ತೆ ಇಳಿದು, ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಬಾವಿಯ ನೀರು ಸೊಂಟದ ಮಟ್ಟಕ್ಕೆ ಇಳಿಯಿತು. ಅಪ್ಪ ಇಳಿದು ತಡಕಿದರು. ಲಿಂಗ ಸಿಕ್ಕಿತು. ಅದನ್ನು ತೊಳೆದು ಅಕ್ಕನ ಕೊರಳಿಗೆ ಕಟ್ಟಿ, "ಓಗವ್ವ, ಉಣ್ಣೋಗು" ಅಂದರು. ಬೈಯಲಿಲ್ಲ, ಒಂದೇಟೂ ಹಾಕಲಿಲ್ಲ.

ಮುಂದಿನ ಸೋಮವಾರದಿಂದ ಅಕ್ಕ ಬಾವಿಗೆ ಇಳಿಯಲಿಲ್ಲ. ನಾನು ಈಜುವಾಗ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು, ಕಾಲ ಬೆರಳನ್ನೂ ನೀರಿಗೆ ತಾಗಿಸುತ್ತಿರಲಿಲ್ಲ. ಅಜ್ಜಿ ಬಿಗಿ ಮಾಡಿರಬೇಕು ಎಂದುಕೊಂಡೆ. ಆಮೇಲೆ ಅವಳನ್ನು ಹೂಗ್ಯಂ ಕಡೆಗೆ ಕೊಟ್ಟರು. ಹನೂರಿನವರೆಗೆ ಬಸ್ಸು, ಅಲ್ಲಿಂದ ಗಾಡಿ, ಕಾಡಂಚಿನ ಊರು. ಅಲ್ಲಿ ಈಜುವ ನೀರಿರಲಿ, ಮೀಯುವ ನೀರಿಗೂ ಬಿಂದಿಗೆ ಹೊತ್ತು ನಡೆಯಬೇಕಿತ್ತು.

ನಾನು ಮತ್ತೆ ಈಜಲು ಶುರುಮಾಡಿದ ಆ ವರ್ಷ ರಾಗಿ ಕಣ ಮುಗಿದ ಮೇಲೆ ಅಕ್ಕ ನಮ್ಮ ಮನೆಗೆ ಬಂದಳು. ಇಬ್ಬರೂ ನರೆತವರು. ಬಂದವಳಿಗೆ ಎರಡು ಆಸೆಯಿತ್ತು, ಎಲೆಅಡಿಕೆ ಮತ್ತು ಸಿನಿಮಾ. ನನಗಿದ್ದುದು ಒಂದೇ ಆಸೆ, ಅವಳು ವಾಪಸು ಹೋಗುವುದರೊಳಗೆ ಒಂದು ಸಲ ಬಾವಿಗಿಳಿಸಬೇಕೆಂದು.

ಊರಾಚೆ ಡೇರೆ ಸಿನಿಮಾ ಬಂದಿತ್ತು. ಸಂಜೆಯ ಆಟಕ್ಕೆ ಹೋಗುತ್ತಿದ್ದೆವು. ಮರಳಿನ ನೆಲ, ಗಂಡಸರಿಗೂ ನಮಗೂ ನಡುವೆ ಬಿದಿರಿನ ತಟ್ಟಿ. ತಟ್ಟಿಯ ಮೇಲಿಂದ ಯಜಮಾನರು ಕಡಲೆಕಾಯಿ ದಾಟಿಸುವರು. ಮದರಾಸಿನ ಸೀಮೆಯಲ್ಲವೇ, ಬರುತ್ತಿದ್ದವೆಲ್ಲ ತಮಿಳು ಚಿತ್ರಗಳು. ನನ್ನದು ಅಂಗಡಿ ತಮಿಳು, ಅಕ್ಕನದು ಗಡಿಯ ತಮಿಳು. ಅವಳು ಪರದೆಯ ಮೇಲಿನ ಒಂದು ಮಾತಿಗೆ ತನ್ನದೆರಡು ಸೇರಿಸಿ ಅರ್ಧ ಡೇರೆಯ ಹೆಂಗಸರಿಗೆ ಕನ್ನಡ ಮಾಡುತ್ತಿದ್ದಳು. ನೋಡಿದ್ದರಲ್ಲಿ ಒಂದು ಚಿತ್ರದಲ್ಲಿ ತಾಯಿ ಸಾಯುವುದಕ್ಕೆ ಮೂರು ಹಾಡು ಹಿಡಿಯಿತು. ಇನ್ನೊಂದರಲ್ಲಿ ಬಡವಿಯ ಮೈಮೇಲೆ ನಮ್ಮಂಗಡಿಯಲ್ಲಿ ಹಬ್ಬಕ್ಕೆ ಮಾತ್ರ ಹೊರತೆಗೆಯುವಂಥ ಸೀರೆ. ಆ ಜನ ಅಳುತ್ತಾರೆ, ಹಾಡುತ್ತಾರೆ, ಒಬ್ಬರೂ ಒಲೆ ಹಚ್ಚುವುದಿಲ್ಲ. ಹಾಗೆಂದು ಗೊಣಗುತ್ತಲೇ ನಾನೂ ಸೆರಗು ಒದ್ದೆ ಮಾಡಿಕೊಂಡು ಬರುತ್ತಿದ್ದೆ.

ಒಂದು ಚಿತ್ರದಲ್ಲಿ ರಾಜಕುಮಾರಿ ತಾವರೆಕೊಳದಲ್ಲಿ ಈಜುತ್ತಾಳೆ. ಮುಖ ಮೇಲೆ, ಹೂವು ಮುಡಿದ ತುರುಬು ನೆನೆದಿಲ್ಲ, ಕೈ ಎರಡೂ ನೀರನ್ನು ಸರಿಸುತ್ತಿವೆ. ಡೇರೆ ಗಪ್‌ಚಿಪ್ಪಾಯಿತು. ಅಕ್ಕ ಮಾತ್ರ ಗಟ್ಟಿಯಾಗಿಯೇ ಅಂದಳು:

"ಕಾಲು ನೆಲದ ಮೇಲಿಕ್ಕವ್ಳೆ ಕಣಮ್ಮಿ. ಎಗಲು ನೋಡು. ಈಜೋರ ಎಗಲು ಅಂಗೆ ಸುಮ್ನೆ ನಿಂತಿರ್ತದಾ?"

ನೋಡಿದರೆ ನಿಜ. ನಮ್ಮ ಸುತ್ತ ಇದ್ದವರೆಲ್ಲ ನಕ್ಕರು. ಅಷ್ಟರಲ್ಲಿ ರೀಲು ಮುಗಿದು ದೀಪ ಬಂತು. ಅಕ್ಕ ನಗುತ್ತಿರಲಿಲ್ಲ. ಬಿಳಿ ಪರದೆಯನ್ನೇ ನೋಡುತ್ತಿದ್ದಳು.

"ಸೋಮಾರ ಸತ್ತೇಗಾಲಕ್ಕೆ ಬಾ, ಅಕ್ಕ. ಆ ರಾಜಕುಮಾರಿಗೆ ಬರದ ಈಜ ನೀನು ಮಾಡಿ ತೋರ್ಸು" ಅಂದೆ. ಅವಳು ಕಡಲೆಕಾಯಿ ಸಿಪ್ಪೆ ಕೊಡವಿಕೊಂಡಳು.

ಆ ಡೇರೆಯವರು ಕಿತ್ತುಕೊಂಡು ಹೋದ ಮೇಲೆ ಎಳಂದೂರಿಗೆ ಹೋಗಿ ಒಂದು ಕನ್ನಡ ಚಿತ್ರ ನೋಡಿ ಬಂದೆವು. ಅದು ಮೈಸೂರು ಸೀಮೆ. ಶಿವಭಕ್ತನ ಕಥೆ, ಹೆಂಗಸರು ಪರದೆಯ ಮುಂದೆ ಕರ್ಪೂರ ಹಚ್ಚಿದರು. ಭಕ್ತ ಕಣ್ಮುಚ್ಚಿ ಒಂದು ಹಾಡು ಹಾಡಿದ್ದೇ ತಡ, ಶಿವ ಹೊಗೆಯ ನಡುವಿನಿಂದ ಬಂದು ನಿಂತ. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಬಿಳಿಗಿರಿಯ ಕಡೆ ಮುಖ ಮಾಡಿ ಕೂತಿದ್ದವಳು ಮೆಲ್ಲಗೆ ಅಂದಳು:

"ಇವ್ನಿಗೆ ಒಂದು ಪದಕ್ಕೇ ಶಿವ ಬಂದುಬುಟ್ಟ. ಅಪ್ಪಂಗೆ ದೀಪ ಅಚ್ಚೋ ಗಂಟ ಬರ್ನಿಲ್ಲ."

ನಾನು, "ಅದಕ್ಕೇ ಅಜ್ಜಿ ನಿನ್ನ ನೀರಿಂದ ಬುಡಿಸಿಬುಟ್ಳು ಅಲ್ವ?" ಅಂದೆ.

"ಅಜ್ಜಿಯಾ? ಅಜ್ಜಿ ಬಾವಿಗೆ ಓಗು ಅಂತ್ಲೇ ಏಳಿದ್ಲು. ಅವತ್ತು ರಾತ್ರಿ ಅವ್ವ ಅಪ್ಪನ ಎಗಲಿಗೆ ಅರಿಸಿನ ಅಚ್ತಾ ಇದ್ಳು. ತೊಗಲು ಕಿತ್ತೋಗಿತ್ತು ಕಣಮ್ಮಿ. ಅಪ್ಪ ನನ್ನ ನೋಡಿ ನಕ್ರು. ಬೈದಿದ್ರೆ ಮುಂದಿನ ಸೋಮಾರಾನೇ ಬಾವಿಗೆ ಆರ್ತಿದ್ದೆ."

ಆಗ ನನಗೆ ಗೊತ್ತಾಯಿತು. ಇಷ್ಟು ವರ್ಷ ಆ ತಪ್ಪನ್ನು ಅಜ್ಜಿಯ ತಲೆಗೆ ಕಟ್ಟಿದ್ದೆ. ಅವಳನ್ನು ಕಟ್ಟಿಹಾಕಿದ್ದು ಅಪ್ಪನ ನಗು. ಊರು ಬರುವವರೆಗೆ ಅವಳ ಕೈ ಹಿಡಿದುಕೊಂಡಿದ್ದೆ.

ಅವಳು ಹೊರಡುವುದಕ್ಕೆ ಮುಂಚಿನ ಸೋಮವಾರ, ಕರೆಯದೆಯೇ ನನ್ನ ಜೊತೆ ಬಸ್ಸು ಹತ್ತಿದಳು. ಬಾವಿಯ ಬಳಿ ನನ್ನ ರಟ್ಟೆಗೆ ಲಿಂಗವನ್ನು ಅವಳೇ ಕಟ್ಟಿದಳು. ಗಂಟಿನ ಮೇಲೆ ಗಂಟು, ಅದರ ಮೇಲೆ ಇನ್ನೊಂದು, ಹಲ್ಲಿನಿಂದ ಎಳೆದು ಬಿಗಿದಳು. "ರಕ್ತ ಓಡಾದಿಲ್ಲ ಅಕ್ಕ" ಅಂದರೆ, "ಓಡ್ದಿದ್ರೆ ಬುಡು" ಅಂದಳು. ನಾನು ನೀರಿಗಿಳಿದು ಅವಳ ಮೂಲೆಯವರೆಗೆ ಹೋಗಿ ತಿರುಗಿದೆ.

ಅಕ್ಕ ಮೆಟ್ಟಿಲಿಳಿಯುತ್ತಿದ್ದಳು. ಪಾದ, ಮಂಡಿ, ಸೊಂಟ. ಅಲ್ಲಿಗೆ ನಿಂತಳು. ಎಡಗೈಯಿಂದ ಎದೆಯ ಮೇಲಿನ ಲಿಂಗವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಬಲಗೈ ನೀರಿನ ಮೇಲಿಟ್ಟು, ಒಂದು ಸಲ ಸರಿಸಿದಳು. ಇನ್ನೊಂದು ಸಲ. ಆಮೇಲೆ ಕಣ್ಣು ಮುಚ್ಚಿಕೊಂಡು ಒಂದೇ ಸಮನೆ ಸರಿಸತೊಡಗಿದಳು. ಹೆಗಲು ಅಲ್ಲೇ ನಿಂತಿತ್ತು. ಮುಖ ಮಾತ್ರ ಕಪಿಲೆ ಕಲ್ಲಿನ ಮೇಲಿಂದ ಹಾರುತ್ತಿದ್ದ ಹುಡುಗಿಯದು.

ಕಾಲು ಬಿಡು ಅಕ್ಕ, ನಾನಿದ್ದೇನೆ ಎಂದು ಹೇಳಬೇಕೆಂದು ಬಾಯಿಗೆ ಬಂತು. ಹೇಳಲಿಲ್ಲ. "ಚೆನ್ನಾಗಿ ಈಜ್ತಾ ಇದೀಯ" ಅಂದೆ.

"ಸುಳ್ಳೇಳ್ಬ್ಯಾಡ. ಕಾಲು ನೆಲದ ಮೇಲದೆ" ಅಂದಳು, ಕಣ್ಣು ಬಿಡದೆ. ಕೈ ನಿಲ್ಲಿಸಲಿಲ್ಲ.

ನಾನು ಈಜಿ ಬಂದು ಅದೇ ಮೆಟ್ಟಿಲ ಮೇಲೆ ಅವಳ ಪಕ್ಕ ನಿಂತೆ. ನಾನೂ ಕಾಲು ಊರಿಕೊಂಡು ಕೈ ಆಡಿಸಿದೆ. ತಮ್ಮನ ಹೆಂಡತಿ ಊಟಕ್ಕೆ ಕೂಗುವವರೆಗೆ ಹಾಗೇ ಇದ್ದೆವು.

ಆಮೇಲೆ ಅಕ್ಕ ಹೂಗ್ಯಂಗೆ ಹೋದಳು. ಸೊಸೆಯ ಬಾಣಂತನ, ಹೊಲ, ಹಸು. ಮುಂದಿನ ವರ್ಷ ಬರುತ್ತೇನೆ ಅಂದವಳು ಬರಲಿಲ್ಲ. ನನ್ನ ಸೊಂಟ ಬಗ್ಗಿತು, ಡಾಕ್ಟರು ತಮ್ಮ ಔಷಧ ಗೆದ್ದಿತೆಂದುಕೊಂಡರು. ನಾನು ಸೋಮವಾರ ತಪ್ಪಿಸಲಿಲ್ಲ. ಈಜಿ ಮುಗಿದ ಮೇಲೆ ಆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ.

ಮರುವರ್ಷ ಡೇರೆ ಮತ್ತೆ ಬಂತು. ಹೊಸ ಚಿತ್ರ, ಹೊಸ ನಾಯಕಿ. ಕಥೆ ಇನ್ನೂ ಶುರುವಾಗಿತ್ತಷ್ಟೆ, ಅವಳೂ ಗೆಳತಿಯರ ಜೊತೆ ನಗುತ್ತಾ ಕೊಳಕ್ಕಿಳಿದಳು. ಹೂವು ನೆನೆಯಲಿಲ್ಲ. ಹೆಗಲು ಅಲ್ಲೇ ನಿಂತಿತ್ತು. ನನಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿದೆ.

ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಗಾಬರಿಯಾಯಿತು. ಅವಳು ಆ ಚಿತ್ರವನ್ನು ಆಗಲೇ ನೋಡಿದ್ದವಳು. "ಯಾಕ್ರವ್ವ, ಅಳಾ ಜಾಗ ಇನ್ನೂ ಬಂದಿಲ್ಲ ಕಣ್ರಿ, ಮುಂದಕ್ಕದೆ" ಅಂದಳು.

"ಅವಳ ಕಾಲು ನೆಲದ ಮೇಲದೆ, ನೋಡವ್ವ" ಅಂದೆ.