ಮೊದಲ ಸಲದ ಒಲ್ಲೆ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಆ ಸಂಜೆ ಅಕ್ಕ ಕಾಳು ಹಸನು ಮಾಡುತ್ತಿದ್ದಳೋ, ಅರಿವೆ ಮಡಚುತ್ತಿದ್ದಳೋ? ಒಮ್ಮೆ ಒಂದು ಕಂಡರೆ ಇನ್ನೊಮ್ಮೆ ಇನ್ನೊಂದು ಕಾಣುತ್ತದೆ. ದಿನಚರಿ ಬರೆಯುವ ಚಟ ನನಗಿದೆ. ಬೇಕಾದ ದಿನದ್ದನ್ನೇ ಬರೆದಿಲ್ಲ. ಅವಳಾಡಿದ ಮಾತು ಮಾತ್ರ ನೆನಪಿದೆ, ಅಥವಾ ನೆನಪಿದೆ ಎಂದುಕೊಂಡಿದ್ದೇನೆ.

ಅದನ್ನು ಕೆದಕಿದ್ದು ಒಂದು ಹಿಮದ ಪುಸ್ತಕ. ನಾವು ಮೂವರು ಎಂ.ಎ. ವಿದ್ಯಾರ್ಥಿಗಳು ಭಾನುವಾರ ಮಧ್ಯಾಹ್ನ ಫೋನಿನಲ್ಲೇ ಸೇರಿ ಓದಿದ್ದರ ಬಗ್ಗೆ ಮಾತಾಡುತ್ತೇವೆ: ಗದಗಿನ ಬಾಡಿಗೆ ಕೋಣೆಯಿಂದ ನಾನು, ಇದೇ ಜಿಲ್ಲೆಯ ಮಾಗಡಿಯಿಂದ ರೇಖಾ, ಮುಂಡರಗಿಯಿಂದ ಬಸು. ಈ ಸಲದ್ದು ಪರ್ವತಾರೋಹಿಯೊಬ್ಬನ ನೆನಪುಗಳು. ಹಿಮಗಾಳಿಗೆ ಸಿಕ್ಕ ನಾಲ್ವರಲ್ಲಿ ಮೂವರು ಮರಳಿದ ಕಥೆ. ಹೊರಗೆ ಬಿಸಿಲು ಕಾಯುತ್ತಿದ್ದರೂ ನಾನು ಫ್ಯಾನಿನ ಕೆಳಗೆ ಶಾಲು ಹೊದ್ದು ಓದಿದೆ. ಓದುವವರು ಅಷ್ಟಾದರೂ ಕಷ್ಟಪಡಬೇಕಲ್ಲ.

"ನಾ ಹಿಮಾ ನೋಡಿದ್ದು ಫ್ರಿಜ್ಜಿನ್ಯಾಗ," ಎಂದ ಬಸು. "ಕಪ್ಪತಗುಡ್ಡಾ ಹತ್ತಿದ್ರ ಅರ್ಧಕ್ಕ ದಮ್ಮು ಬರತೈತಿ ನನಗ."

"ನಮ್ಮ ಕೆರಿಗೆ ಬರೂ ಹಕ್ಕಿ ಪುಸ್ತಕದಾಗಿನ ಹಿಮದ ಗುಡ್ಡಾ ದಾಟೇ ಬರ್ತಾವಲೇ," ಎಂದಳು ರೇಖಾ. "ಬೂಟಿಲ್ಲ, ಹಗ್ಗಿಲ್ಲ. ಮ್ಯಾಲೆ ಪುಸ್ತಕಾನೂ ಬರಿಯಂಗಿಲ್ಲ."

ನಗು ಮುಗಿದ ಮೇಲೆ ಜಗಳ ಹತ್ತಿತು. ಕಾಲು ಮುರಿದ ಗೆಳೆಯ 'ನೀವು ಹೋಗಿ' ಎಂದ, ಹಾಗಾಗಿ ಹೋದೆವು ಎಂದು ಲೇಖಕ ಬರೆದಿದ್ದಾನೆ. ಉಸಿರೇ ಸಾಲದ ಎತ್ತರದಲ್ಲಿ ಕೇಳಿದ ಮಾತನ್ನು ಹೇಗೆ ನಂಬುವುದು ಎಂದು ನಾನು ಎಂದಿನಂತೆ ಅನುಮಾನ ತೆಗೆದೆ.

"ಅಂದಾನ ಅಂತನ ಹಿಡಿ," ಎಂದಳು ರೇಖಾ. "ಊಟಕ್ಕ ಕುಂತ ಬೀಗರು ತಾಟಿಗೆ ಕೈ ಅಡ್ಡ ಹಿಡದು ಸಾಕು ಸಾಕು ಅಂತಾರ. ನಿಮ್ಮವ್ವ ಬಿಡ್ತಾಳೇನು? ಮೊದಲನೇ ಒಲ್ಲೆ ಯಾರರ ಖರೆ ಹಿಡಿತಾರೇನು? ಇವ ಎಷ್ಟು ಸಲ ಕೇಳ್ಯಾನಂತ?"

ಪುಟ ತಿರುಗಿಸಿ ನೋಡಿದೆವು. ಬರೆದಿರಲಿಲ್ಲ.

"ಅಲ್ಲೆ ಉಪಚಾರಕ್ಕ ಟೈಮ್ ಎಲ್ಲೈತಿ?" ಎಂದ ಬಸು. "ನಾಕೂ ಮಂದಿ ಸಾಯ್ತಿದ್ರು."

ಅದೂ ನಿಜವೇ. ಅವರಿಬ್ಬರೂ ವಾದ ಮುಂದುವರಿಸಿದರು. ನಾನು ಮೈಕು ಬಂದ್ ಮಾಡಿ ಕುಳಿತೆ.

ಬಾಳೆಹೊಸೂರಿನ ನಮ್ಮ ಮನೆ ಉಪಚಾರಕ್ಕೆ ಹೆಸರಾದದ್ದು. ದಾರಿ ಕೇಳಲು ಬಂದವರೂ ಮೂರು ಸಲ ಒಲ್ಲೆ ಎಂದು ನಾಲ್ಕನೆಯ ಸಲಕ್ಕೆ ಚಹಾ ಕುಡಿದು ಹೋಗುತ್ತಿದ್ದರು. ಕಾಮಾಲೆಯಿಂದ ಒಂದು ವರ್ಷ ಕಳೆದುಕೊಂಡ ಅಕ್ಕ ನನ್ನ ಜೊತೆಗೇ ಪಿಯುಸಿ ಮುಗಿಸಿದಳು. ಇಬ್ಬರಿಗೂ ಧಾರವಾಡದಲ್ಲಿ ಕಾಲೇಜು ಸಿಕ್ಕಿತ್ತು. ಅಷ್ಟರಲ್ಲಿ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಳು. "ಯಾರರ ಒಬ್ಬಾಕಿ ಮನ್ಯಾಗ ಇರಬೇಕಾಗತೈತಿ," ಎಂದರು ಅಪ್ಪ.

"ನಾ ಒಲ್ಲೆ. ಆಕಿ ಹೋಗಲಿ," ಎಂದಳು ಅಕ್ಕ.

"ಆತು," ಎಂದರು ಅಪ್ಪ. ಅವ್ವ ಒಳಗೆ ಹೋದಳು. ಮತ್ತೆ ಯಾರೂ ಕೇಳಲಿಲ್ಲ. ಅಕ್ಕನಿಗೆ ಓದುವ ಮನಸ್ಸಿರಲಿಲ್ಲ ಎಂದು ಮನೆಯಲ್ಲಿ ಈಗಲೂ ಹೇಳುತ್ತಾರೆ. ನಾನೂ ಹಾಗೇ ಹೇಳುತ್ತ ಬಂದಿದ್ದೆ. ಮರಳಿ ಬಂದವರು ಬರೆದದ್ದೇ ಕಥೆ.

ಹೋದ ವಾರ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಅಕ್ಕ ಈಗ ಅಲ್ಲಿಯ ಕಾಳಿನ ವ್ಯಾಪಾರಿಯೊಬ್ಬರ ಸೊಸೆ. ನನ್ನನ್ನು ಕಳಿಸಲು ಬಸ್‌ಸ್ಟ್ಯಾಂಡಿನವರೆಗೂ ಬಂದಳು. ಗದಗಿನ ಬಸ್ಸು ನಿಂತಿತ್ತು.

"ಅಕ್ಕಾ, ಅವತ್ತು ನೀ ಒಲ್ಲೆ ಅಂದಿದ್ದು ಖರೇನ?"

"ಹುಚ್ಚಿ, ಈಗ್ಯಾಕ ಅದು? ಜಲ್ದಿ ಹತ್ತು, ಸೀಟ ಹೋಗ್ತಾವು."

ನಾನು ಹತ್ತಲಿಲ್ಲ. ಕಂಡಕ್ಟರು ಎರಡು ಸಲ ನನ್ನ ಕಡೆ ನೋಡಿ ಸೀಟಿ ಊದಿದ. ಬಸ್ಸು ಹೋಯಿತು. ಧೂಳು ಇಳಿಯುವವರೆಗೆ ಇಬ್ಬರೂ ಸೆರಗು, ದುಪಟ್ಟಾ ಮೂಗಿಗೆ ಹಿಡಿದು ನಿಂತೆವು. ಆಮೇಲೆ ಮತ್ತೆ ಕೇಳಿದೆ:

"ಅಪ್ಪ ಇನ್ನೊಮ್ಮೆ ಕೇಳಿದ್ರ, ನೀ ಧಾರವಾಡಕ್ಕ ಹೋಗ್ತಿದ್ಯೇನು?"

ಅಕ್ಕ ನನ್ನ ಚೀಲ ತೆಗೆದುಕೊಂಡು ಕಲ್ಲುಬೆಂಚಿನ ಮೇಲೆ ಕುಳಿತಳು. ನಾನು ಕೇಳಿದ್ದು ಇನ್ನೂ ಎರಡೇ ಸಲ.