ಬಗ್ಗಿಸಿದ ಆಂಟೆನಾ

ದೂರದವರಿಗೂ ಕಾಣಲೆಂದು ನಾನು ನೆಟ್ಟಗೆ ನಿಲ್ಲಿಸಿದ್ದ ಆಂಟೆನಾವನ್ನು ಅಪರಿಚಿತ ಹಿರಿಯರೊಬ್ಬರು ಹಿಡಿದು ಬಗ್ಗಿಸಿಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಗೋವಿಂದರಾಜನಗರದ ನಮ್ಮ ಬೀದಿಯ ಗಣರಾಜ್ಯೋತ್ಸವಕ್ಕೆಂದು ಮೂರು ತಿಂಗಳು ಹೆಣಗಿದ್ದೆ. ಹಳೆಯ ಯುದ್ಧಕಾಲದ ರೇಡಿಯೋ ಆಪರೇಟರ್ ಸೈನಿಕನ ಸಮವಸ್ತ್ರ ಹೊಲಿಸಿ, ಬಟ್ಟೆ ಅಂಗಡಿಯ ಗೊಂಬೆಗೆ ತೊಡಿಸಿ, ಬೆನ್ನಿಗೆ ಆ ಆಂಟೆನಾ ಇರುವ ರೇಡಿಯೋ ಸೆಟ್ ಕಟ್ಟಿದ್ದೆ.

“ಕೈ ತೆಗೀರೀ! ಏನ್ ಗೊತ್ತು ನಿಮ್ಗೆ?” ಎಂದು ಕೂಗಿದೆ.

ಅವರು ನನಗಿಂತ ಜೋರಾಗಿ ಗದರಿದರು: “ಹಿಂಗ್ ಎತ್ತರಕ್ಕೆ ನಿಲ್ಸಿದ್ರೆ ಶತ್ರು ಮೊದ್ಲು ಹೊಡಿಯೋದು ಇವನನ್ನೇ ಕಣ್ರೀ. ನನ್ ಜೊತೆ ಇದ್ದ ಆಪರೇಟರ್ ಹಂಗೇ ಸತ್ತ.” ತಮ್ಮ ಕರವಸ್ತ್ರದಿಂದ ಆಂಟೆನಾವನ್ನು ಗೊಂಬೆಯ ಭುಜಪಟ್ಟಿಗೆ ಬಿಗಿದು ಹೊರಟುಹೋದರು.

ಆ ಗಂಟನ್ನು ನಾನಿನ್ನೂ ಬಿಚ್ಚಿಲ್ಲ. ಫೋಟೊ ಚೆನ್ನಾಗಿ ಬರಲಿ, ನೆಟ್ಟಗೆ ಮಾಡಿ ಎನ್ನುವವರ ಮೇಲೆ ಈಗ ನಾನೇ ಹರಿಹಾಯುತ್ತೇನೆ.