ಓದಿ ಹೇಳದ ಐದನೇ ಅಂಶ

ಕೊರೊನಾ ಗದ್ದಲ ಮುಗಿದ ಮರುವರ್ಷದ ಮಾತು. ಬೈಲಹೊಂಗಲದಲ್ಲಿ ವಕೀಲಿ ಶುರು ಮಾಡಿ ನನಗಾಗ ಇಪ್ಪತ್ತಾರು ವರ್ಷ, ನೋಟರಿಯಾಗಿ ಹನ್ನೊಂದು. ನೋಟರಿ ಎಂದರೆ ಠಸ್ಸೆ ಒತ್ತಿ ಫೀ ತೆಗೆದುಕೊಳ್ಳುವವ ಎಂದು ಜನ ತಿಳಿಯುತ್ತಾರೆ. ಅಸಲಿಗೆ ಅದು ಸಾಕ್ಷಿ ಹೇಳುವ ಕೆಲಸ. ಈ ಮನುಷ್ಯ ನನ್ನೆದುರು ಬಂದ, ಕಾಗದದಲ್ಲಿ ಏನಿದೆ ಎಂದು ತಿಳಿದುಕೊಂಡ, ತಿಳಿದೇ ಸಹಿ ಮಾಡಿದ ಎನ್ನುವ ಸಾಕ್ಷಿ. ಕಾಗದ ಇಂಗ್ಲಿಷಿನಲ್ಲಿದ್ದು ಸಹಿ ಮಾಡುವವರಿಗೆ ಇಂಗ್ಲಿಷ್ ಬಾರದಿದ್ದರೆ ಇನ್ನೊಂದು ಠಸ್ಸೆ ಬೀಳುತ್ತದೆ: ‘ಕನ್ನಡದಲ್ಲಿ ಓದಿ ಹೇಳಿ ಅರ್ಥ ಮಾಡಿಸಲಾಗಿದೆ.’ ಅದನ್ನು ದಿನಕ್ಕೆ ಹತ್ತು ಸಲ ಒತ್ತುತ್ತಿದ್ದೆ. ನಿಜವಾಗಿ ಓದಿ ಹೇಳುತ್ತಿದ್ದದ್ದು ಒಂದೋ ಎರಡೋ ಸಲ. ನಾಚಿಕೆಯೇನೂ ಇರಲಿಲ್ಲ, ಎಲ್ಲರೂ ಮಾಡುವುದೇ ಹಾಗೆ ಎಂದುಕೊಂಡಿದ್ದೆ.

ಒಂದು ಗುರುವಾರ ಹನ್ನೊಂದರ ಸುಮಾರಿಗೆ ನೀಲವ್ವ ತನ್ನ ಭಾವ ರುದ್ರಪ್ಪನ ಜೊತೆ ಆಫೀಸಿಗೆ ಬಂದಳು. ಊರು ಎಂ.ಕೆ. ಹುಬ್ಬಳ್ಳಿ ಹತ್ತಿರದ ಹಳ್ಳಿ. ಅವಳ ಗಂಡ ಮಡಿವಾಳಪ್ಪ ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಅದೇ ಕೆಲಸದ ಮೇಲೆ ಮಸ್ಕತ್‌ಗೆ ಹೋಗಿ ಮೂರು ವರ್ಷವಾಗಿತ್ತು. ಹಿಂದಿನ ದಿನ ಕೆಲಸದ ಜಾಗದಲ್ಲೇ ಎದೆನೋವು ಬಂದು ತೀರಿಕೊಂಡಿದ್ದ. ದೇಹವನ್ನು ಅಲ್ಲೇ ಮಣ್ಣು ಮಾಡಬೇಕೋ, ಊರಿಗೆ ಕಳಿಸಬೇಕೋ ಎಂಬುದನ್ನು ಹೆಂಡತಿ ಬರೆದುಕೊಡಬೇಕು. ಇದಕ್ಕೆ ಕನ್ಸೆಂಟ್ ಲೆಟರ್ ಎನ್ನುತ್ತಾರೆ. ಶುಕ್ರವಾರ, ಶನಿವಾರ ಅಲ್ಲಿ ರಜೆ. ಮಧ್ಯಾಹ್ನದೊಳಗೆ ಪತ್ರ ಮುಟ್ಟದಿದ್ದರೆ ಎಲ್ಲವೂ ಮುಂದಿನ ವಾರಕ್ಕೆ ಹೋಗುತ್ತದೆ ಎಂದು ಕಂಪನಿಯವರು ತಿಳಿಸಿದ್ದರು.

ಅಂಥ ಪತ್ರ ನನಗೆ ಹೊಸದಲ್ಲ. ಹಿಂದೆ ಒಂದು ಪ್ರಕರಣದಲ್ಲಿ ಸತ್ತವನ ಬೆರಳಿನ ಉಂಗುರ ದಾರಿಯಲ್ಲಿ ಮಾಯವಾಗಿತ್ತು. ಅಂದಿನಿಂದ ನನ್ನ ಇಂಗ್ಲಿಷ್ ನಮೂನೆಯಲ್ಲಿ ಐದನೇ ಅಂಶವೊಂದನ್ನು ಸೇರಿಸಿದ್ದೆ: ‘ದೇಹದ ಮೇಲಿರುವ ಸಕಲ ವಸ್ತುಗಳನ್ನು ತೆಗೆದು, ಪಟ್ಟಿ ಮಾಡಿ, ಮೊಹರು ಹಾಕಿ, ನನ್ನ ವಕೀಲರ ವಿಳಾಸಕ್ಕೆ ಪ್ರತ್ಯೇಕವಾಗಿ ಕಳಿಸತಕ್ಕದ್ದು.’ ಎಷ್ಟು ಪಕ್ಕಾ ಬರೆಯುತ್ತೀರಿ ಎಂದು ಕಿರಿಯ ವಕೀಲರು ಹೊಗಳಿದ ಸಾಲು ಅದು. ಹೆಸರು, ಪಾಸ್‌ಪೋರ್ಟ್ ನಂಬರು ತುಂಬಿ ಪ್ರಿಂಟ್ ತೆಗೆದೆ.

ನೀಲವ್ವ ಕನ್ನಡ ಸಾಲಿ ಏಳನೆಯ ಇಯತ್ತೆ ಕಲಿತವಳು. ಪೆನ್ನು ಹಿಡಿದು ಕೇಳಿದಳು.

“ವಕೀಲ್ರ, ಇದರಾಗ ಏನೇನ ಬರದೀರಿ?”

“ಮಡಿವಾಳಪ್ಪನ್ನ ಊರಿಗೆ ಕಳಸ್ರಿ ಅಂತ ಬರದೇನವಾ. ಲಗೂನ ಸಹಿ ಮಾಡು, ಹೊತ್ತಾಗತೈತಿ.”

ಸಹಿ ಮಾಡಿದಳು. ಎರಡೂ ಠಸ್ಸೆ ಒತ್ತಿದೆ. ನಾನೂ ಲಿಂಗವಂತ. ಅಂದು ಮುಂಜಾನೆಯೂ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿಯೇ ಆಫೀಸಿಗೆ ಬಂದಿದ್ದೆ. ಆದರೂ ‘ಸಕಲ ವಸ್ತುಗಳು’ ಎಂದು ಇಂಗ್ಲಿಷಿನಲ್ಲಿದ್ದ ಸಾಲಿನ ಕೆಳಗೆ ಠಸ್ಸೆ ಒತ್ತುವಾಗ, ನನ್ನ ಅಂಗಿಯೊಳಗೆ ಎದೆಗೆ ತಾಗಿಕೊಂಡೇ ಇದ್ದದ್ದು ನನಗೆ ನೆನಪಾಗಲಿಲ್ಲ.

ಒಂಬತ್ತನೆಯ ದಿನ ದೇಹ ಗೋವಾ ವಿಮಾನ ನಿಲ್ದಾಣದ ಕಾರ್ಗೋ ವಿಭಾಗಕ್ಕೆ ಬಂತು. ಅಲ್ಲಿಂದ ಆಂಬುಲೆನ್ಸ್. ಕಾಗದಪತ್ರ ನೋಡಿಕೊಳ್ಳಲು ಬರ್ರಿ ಎಂದು ರುದ್ರಪ್ಪ ಕರೆದಿದ್ದರಿಂದ ನಾನೂ ಹಳ್ಳಿಗೆ ಹೋಗಿದ್ದೆ. ಹೊಲದಲ್ಲಿ ಕುಣಿ ತೋಡಿ ಆಗಿತ್ತು. ನಮ್ಮಲ್ಲಿ ಕುಣಿಯ ಅಳತೆ ಸತ್ತವರ ಪಾದದಿಂದ. ಪಾದ ಇನ್ನೂ ಮಸ್ಕತ್‌ನಲ್ಲಿದ್ದಾಗಲೇ ತೋಡಬೇಕಾಗಿ ಬಂದದ್ದರಿಂದ, ಮಡಿವಾಳಪ್ಪ ಕಾರ್ಖಾನೆಗೆ ಹಾಕಿಕೊಂಡು ಹೋಗುತ್ತಿದ್ದ ಬೂಟಿನ ಉದ್ದಕ್ಕೆ ಕೋಲು ಮುರಿದು ರುದ್ರಪ್ಪನೇ ಅಳೆದಿದ್ದ.

ಮಧ್ಯಾಹ್ನ ಎರಡಕ್ಕೆ ಪೆಟ್ಟಿಗೆ ತೆರೆದರು. ದೇಹ ಕೆಡದಂತೆ ಔಷಧ ಏರಿಸುವುದಕ್ಕೆ ಎಂಬಾಮಿಂಗ್ ಎನ್ನುತ್ತಾರೆ. ಹಾಗೆ ಮಾಡಿದ ಮೈ ಸುಲಭಕ್ಕೆ ಬಾಗುವುದಿಲ್ಲ. ಊರವರು ಹೇಗೋ ಗೋಡೆಗೆ ಒರಗಿಸಿ ಕೂರಿಸಿದರು. ವಿಭೂತಿ ಧರಿಸಿದ್ದಾಯಿತು. ಕ್ರಿಯೆ ಮಾಡಿಸಲು ಬಂದಿದ್ದ ಊರಿನ ಅಯ್ಯನವರು, ಎಡಗೈಯಲ್ಲಿಡಲು ಲಿಂಗಕ್ಕಾಗಿ ಕೊರಳಿಗೆ ಕೈ ಹಾಕಿದರು. ಶಿವದಾರ ಇರಲಿಲ್ಲ. ಲಿಂಗವಿಡುವ ಕರಡಿಗೆಯೂ ಇರಲಿಲ್ಲ.

“ಲಿಂಗ ಎಲ್ಲೈತ್ರಿ?”

ಪೆಟ್ಟಿಗೆಗೆ ಅಂಟಿಸಿದ್ದ ಲಕೋಟೆಯನ್ನು ಕಿತ್ತು ರುದ್ರಪ್ಪ ನನ್ನ ಕೈಗೆ ಕೊಟ್ಟ. “ಇದರಾಗ ಏನರೆ ಬರದಾರೇನು, ಓದ್ರಿ ವಕೀಲ್ರ.”

ಓದಿದೆ. ಮನಸ್ಸಿನಲ್ಲೇ ಓದಿದೆ. ‘ದಾರ ಸಹಿತ ಬೆಳ್ಳಿಯ ಚಿಕ್ಕ ಡಬ್ಬಿ ಒಂದು. ಪತ್ನಿಯ ಪತ್ರದ ಐದನೇ ಅಂಶದ ಪ್ರಕಾರ ದೇಹದಿಂದ ತೆಗೆಯಲಾಗಿದೆ.’ ಸುತ್ತಲೂ ಊರೇ ನಿಂತಿತ್ತು. ನೀಲವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ಇದು ವಿಮಾನದ ಕಾಗದ ಐತಿ. ಇದರಾಗ ಅದರ ಸುದ್ದಿ ಏನೂ ಇಲ್ಲ,” ಎಂದೆ. ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಗುಂಪಿನಲ್ಲಿ ಯಾರೋ ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. “ಹೊರದೇಶಕ್ಕ ಹೋದ ಮ್ಯಾಲೆ ಬಿಚ್ಚಿ ಒಗದಿರಬೇಕ ಬಿಡ್ರಿ.” ನೀಲವ್ವ ಥಟ್ಟನೆ ಎದ್ದು ನಿಂತಳು. “ಅವರು ಒಂದ ದಿನಾನೂ ಬಿಚ್ಚಿದವರಲ್ಲ!” ಎಂದು ಕೂಗಿದಳು. ಯಾರೂ ಹೌದು ಎನ್ನಲಿಲ್ಲ. ನಾನು ಹೌದು ಎನ್ನಬಹುದಿತ್ತು. ಸಾಕ್ಷಿ ಹೇಳುವುದೇ ಕಸುಬಾದ ನಾನು ನೆಲ ನೋಡುತ್ತ ನಿಂತೆ. ಅಯ್ಯನವರು ಮಠದಿಂದ ಬೇರೆ ಲಿಂಗ ತರಿಸಿ ಅಂಗೈಯಲ್ಲಿಟ್ಟರು, ಮಣ್ಣು ಕೊಟ್ಟರು.

ತಿಂಗಳಾದ ಮೇಲೆ ವಾರಸಾ ಸರ್ಟಿಫಿಕೇಟ್ ಕೆಲಸಕ್ಕೆ ರುದ್ರಪ್ಪ ಬಂದಾಗ, ಕೇಳದಿದ್ದರೂ ಹೇಳಿದ: “ಲಿಂಗಾ ಬಿಟ್ಟಾಂವ ಅಂತ ಮಂದಿ ಆಡಕೊಳ್ಳಾಕ ಹತ್ಯಾರ್ರಿ. ನೀಲವ್ವ ನೀರಿಗೂ ಹೊರಗ ಹೋಗವಲ್ಲಳು.” ಅವನಿಗೆ ಚಹಾ ತರಿಸಿದೆ. ಅವನ ಅರ್ಜಿ ತುಂಬತೊಡಗಿದೆ.

ಮಣ್ಣಾಗಿ ನಲವತ್ತೊಂದನೆಯ ದಿನ ಮೊಹರು ಹಾಕಿದ ಪಾರ್ಸಲ್ ನನ್ನ ವಿಳಾಸಕ್ಕೆ ಬಂತು. ಕೈಗಡಿಯಾರ, ಮೊಬೈಲು, ಬೆಳ್ಳಿ ಕರಡಿಗೆ. ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ನಾಲ್ಕು ದಿನ ಆ ಕಪಾಟಿಗೆ ಬೆನ್ನು ಮಾಡಿ ಕೂತು ಕೆಲಸ ಮಾಡಿದೆ. ಮುಂಜಾನೆ ನನ್ನ ಲಿಂಗವನ್ನು ಕೈಗೆ ತೆಗೆದುಕೊಂಡರೆ ಕಣ್ಣು ಮುಚ್ಚಲು ಆಗುತ್ತಿರಲಿಲ್ಲ. ಮುಚ್ಚಿದರೆ ಗೋಡೆಗೆ ಒರಗಿ ಕೂತ ಮಡಿವಾಳಪ್ಪ, ಅವನ ಖಾಲಿ ಕೊರಳು. ಸುಳ್ಳು ಹೇಳಿದ್ದಕ್ಕಿಂತ ಸುಮ್ಮನಿದ್ದದ್ದೇ ಹೆಚ್ಚು ಕಾಡುತ್ತಿತ್ತು. ಐದನೆಯ ದಿನ ಸೋಮವಾರ. ಪಾರ್ಸಲ್, ಲಕೋಟೆಯ ಕಾಗದ ಮತ್ತು ಪತ್ರದ ನಕಲು ತೆಗೆದುಕೊಂಡು ಹಳ್ಳಿಗೆ ಹೋದೆ.

ನೀಲವ್ವ, ರುದ್ರಪ್ಪ, ಅಯ್ಯನವರು ಮೂವರನ್ನೂ ಪಡಸಾಲೆಯಲ್ಲಿ ಕೂರಿಸಿಕೊಂಡು ಎರಡೂ ಕಾಗದಗಳನ್ನು ಒಂದೊಂದೇ ಸಾಲು ಕನ್ನಡದಲ್ಲಿ ಓದಿ ಹೇಳಿದೆ. ಐದನೇ ಅಂಶವನ್ನೂ ಬಿಡದೆ ಓದಿದೆ. ಅವತ್ತು ಹೆಣದ ಮುಂದೆ ಸುಳ್ಳು ಹೇಳಿದ್ದನ್ನೂ ಹೇಳಿದೆ. ನೀಲವ್ವ ಕರಡಿಗೆ ತೆರೆದಳು. ಲಿಂಗದ ಮೇಲೆ ಒಣಗಿದ ವಿಭೂತಿ ಹಾಗೇ ಇತ್ತು. ಸಾಯುವ ದಿನವೂ ಪೂಜೆ ಮಾಡಿಯೇ ಕೆಲಸಕ್ಕೆ ಹೋಗಿದ್ದ. ಅವಳು ಅದನ್ನು ಅಯ್ಯನವರಿಗೆ ತೋರಿಸಿದಳು, ರುದ್ರಪ್ಪನಿಗೂ ತೋರಿಸಿದಳು. ಬಯ್ಯಲಿಲ್ಲ, ಅಳಲೂ ಇಲ್ಲ. ಎದ್ದುಹೋಗಿ ಬೀದಿಬಾಗಿಲನ್ನು ಪೂರಾ ತೆರೆದಳು.

“ನಮಗ ಕೇಳಿಸಿತ್ರಿ. ಈಗ ಕಟ್ಟಿ ಮ್ಯಾಲ ನಿಂತ ಜೋರಾಗಿ ಓದ್ರಿ. ಅವರನ್ನ ಅಂದವರಿಗೆ ಕೇಳಲಿ.”

ಕಟ್ಟೆಯ ಮೇಲೆ ನಿಂತು ಓದಿದೆ. ಕೋರ್ಟಿನಲ್ಲಿ ಅಷ್ಟು ದೊಡ್ಡ ದನಿಯಲ್ಲಿ ಎಂದೂ ವಾದ ಮಾಡಿಲ್ಲ. ಒಬ್ಬೊಬ್ಬರಾಗಿ ಓಣಿಯ ಜನ ಹೊರಗೆ ಬಂದರು. ನನ್ನ ಹೆಸರು ಬಂದಲ್ಲಿಯೂ ನಿಲ್ಲಿಸಲಿಲ್ಲ. ಮುಗಿದ ಮೇಲೆ ಹಿರಿಯರೊಬ್ಬರು ಬಂದು ನೀಲವ್ವನಿಗೆ ಕೈ ಮುಗಿದರು. ಉಳಿದವರು ಒಳಗೆ ಹೋದರು. ಕುಣಿ ತೆರೆಯುವಂತಿಲ್ಲ, ಮೇಲೆ ಗದ್ದುಗೆ ಕಟ್ಟುವಾಗ ಲಿಂಗವನ್ನು ಅದರೊಳಗೆ ಇಡೋಣ ಎಂದರು ಅಯ್ಯನವರು.

ಹೊರಡುವಾಗ ನೀಲವ್ವ ಬಾಗಿಲವರೆಗೆ ಬಂದಳು.

“ನೀವು ಬಂದ ಓದಿದ್ದು ಛಲೋ ಆತ್ರಿ. ಆದ್ರ ಒಂದೂವರಿ ತಿಂಗಳ ನಮ್ಮ ಮನಿಯವರು ಮಣ್ಣಾಗ ಕೆಟ್ಟ ಹೆಸರ ಹೊತಗೊಂಡ ಕುಂತಿದ್ರಲ್ಲ, ಅದಕ್ಕೇನ ಬರಕೊಡತೀರಿ?”

ಅಂದಿನಿಂದ ಪ್ರತಿಯೊಂದು ಸಾಲನ್ನೂ ಓದಿ ಹೇಳದೆ ಯಾರಿಂದಲೂ ಸಹಿ ಮಾಡಿಸುವುದಿಲ್ಲ. ವಕೀಲರು ಪುರಾಣ ಹಚ್ಚಿದರು ಎಂದು ಕಕ್ಷಿದಾರರು ನಗುತ್ತಾರೆ, ನಗಲಿ. ಸತ್ತವರ ಪರವಾಗಿ ಬರೆಯುವವನು ಕಾಗದದಲ್ಲಿ ತಪ್ಪಿದರೆ, ಬದುಕಿದವರು ಬೀದಿಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ಈ ಕಸುಬು ನನಗೆ ಕಲಿಸಿದ್ದು ಇಷ್ಟು. ಕಲಿತದ್ದು ನನಗೆ ಉಪಯೋಗವಾಯಿತು, ಮುಂದೆ ಬಂದವರಿಗೂ ಆಯಿತು. ಮಡಿವಾಳಪ್ಪನಿಗೆ ಆಗಲಿಲ್ಲ.